ನಲವತ್ತೈದು ಗಂಟೆ ಯಾರೂ ಮುಟ್ಟಬಾರದ ಟಬ್ಬು

ಅಮೆರಿಕದ ಜಾರ್ಜಿಯಾದ ಜಾನ್ಸ್ ಕ್ರೀಕ್‌ನಲ್ಲಿ ಬಾತ್‌ರೂಮ್ ಒಡೆಸಿ ಹೊಸದಾಗಿ ಕಟ್ಟಿಸುವವರ ಮೇಲೆ ನನಗೆ ವಿಶೇಷ ಗೌರವ. ನಲ್ಲಿ, ಸಿಂಕು, ಕಮೋಡು, ಟೈಲು ಎಲ್ಲವನ್ನೂ ನನ್ನ ಅಂಗಡಿಯಿಂದಲೇ ಒಯ್ಯುತ್ತಾರೆ. ಸಾಲೆಹಾ ಆ ಪೈಕಿಯಲ್ಲ. ಏನನ್ನೂ ಒಡೆಯದೆ, ಇರುವುದನ್ನೇ ಉಜ್ಜಿ, ಬಳಿದು, ಹಿಡಿಕೆ ಬದಲಿಸಿ, ಮೂವತ್ತು ವರ್ಷದ ಬಾತ್‌ರೂಮನ್ನು ಮೊನ್ನೆ ಕಟ್ಟಿದ್ದೆಂದು ನಂಬಿಸುವುದು ಆಕೆಯ ವಿದ್ಯೆ. ಇಂಥ ಗಿರಾಕಿಯಿಂದ ಅಂಗಡಿಯವನಿಗೆ ಹೇಳಿಕೊಳ್ಳುವಂಥ ಲಾಭವಿಲ್ಲ. ಆದರೂ ಆಕೆ ಬಂದರೆ ನಾನೇ ಕೌಂಟರ್ ಬಿಟ್ಟು ಎದ್ದು ಹೋಗುತ್ತೇನೆ. ಬಣ್ಣದ ಡಬ್ಬಿಯ ಹಿಂದಿನ ಸಣ್ಣಕ್ಷರ ಓದಿ, ನಾನು ಮಾರುವ ಸಾಮಾನು ಎಂಥದೆಂದು ನನಗೇ ತಿಳಿಸಿಕೊಡುವವಳು ಆಕೆಯೊಬ್ಬಳೇ.

ಮೈಸೂರಿನ ಮಂಡಿ ಮೊಹಲ್ಲಾದ ಹೆಣ್ಣುಮಗಳು. ಗಂಡ ಜಬ್ಬಾರ್ ಇಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಾನೆ. ಅವನ ವೀಸಾದ ನೆರಳಿನಲ್ಲಿ ಬಂದವಳಿಗೆ ಒಂಬತ್ತು ವರ್ಷ ದುಡಿಯುವ ಅನುಮತಿ ಇರಲಿಲ್ಲ. 2020ರಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತಾಗ ಈಕೆ ತನ್ನ ಬಾತ್‌ರೂಮಿನ ಕಪಾಟಿಗೆ ಬಣ್ಣ ಬಳಿದಳು. ನೋಡಿದವರು ನಮ್ಮದೂ ಮಾಡಿಕೊಡಿ ಎಂದರು. ಮೂರು ವರ್ಷದಲ್ಲಿ ಏಳು ಬಾತ್‌ರೂಮುಗಳನ್ನು ಬಿಟ್ಟಿ ಮಾಡಿಕೊಟ್ಟಳು. ಬಿಟ್ಟಿ ಕೆಲಸದಲ್ಲಿ ಒಂದು ಅನುಕೂಲವಿದೆ: ಯಾರೂ ತಪ್ಪು ಹುಡುಕುವುದಿಲ್ಲ. 2023ರ ಬೇಸಿಗೆಗೆ ಅನುಮತಿಯ ಕಾರ್ಡು ಬಂತು. ಆ ಅನುಕೂಲವೂ ಅಂದಿಗೆ ಮುಗಿಯಿತು.

ಎಂಟನೆಯ ಬಾತ್‌ರೂಮು ಕೊಟ್ಟವಳು ಊರ್ಮಿಳಾ. ಮನೆ ಮಾರಿಸುವ ಏಜೆಂಟು. ನಮ್ಮ ಕಡೆಯವರು ಇಲ್ಲಿ ಮನೆ ಮಾರುವುದಿದ್ದರೆ ಮೊದಲು ಅವಳಿಗೆ ಫೋನ್ ಮಾಡುತ್ತಾರೆ. ನನ್ನ ಅಂಗಡಿಯಲ್ಲೇ ನಿಂತು ಷರತ್ತು ಹೇಳಿದಳು.

"ಗುರುವಾರ ಹನ್ನೊಂದಕ್ಕೆ ಜಾಹೀರಾತಿನ ಫೋಟೋ ತೆಗೆಯೋಕೆ ಫೋಟೋಗ್ರಾಫರ್ ಬರ್ತಾನೆ ಸಾಲೆಹಾ. ಬಾತ್‌ರೂಮ್ ರೆಡಿ ಇದ್ರೆ ಈ ವರ್ಷದ ನನ್ನ ಮನೆಗಳೆಲ್ಲಾ ನಿಮಗೇ. ಇಲ್ಲಾಂದ್ರೆ ಬೇಜಾರಿಲ್ಲ, ನನ್ನ ಹಳೇ ಕಾಂಟ್ರಾಕ್ಟರ್ ಇದ್ದೇ ಇದ್ದಾನೆ."

"ರೆಡಿ ಇರುತ್ತೆ," ಎಂದಳು ಸಾಲೆಹಾ. ಹೇಳುವಾಗ ಕೈಯಲ್ಲಿದ್ದ ಬ್ರಷ್ಷಿನ ಕೂದಲನ್ನು ಒಂದೊಂದಾಗಿ ಕೀಳುತ್ತಿದ್ದಳು. ಬ್ರಷ್ಷು ನನ್ನದು, ಇನ್ನೂ ಮಾರಾಟವಾಗಿರಲಿಲ್ಲ.

ಮನೆ ಶರಣ ಮತ್ತು ನೀಲಗಂಗಾ ಎಂಬ ಬಾಗಲಕೋಟೆ ಕಡೆಯ ದಂಪತಿಯದು. ಅವನ ಕೆಲಸ ನಾರ್ತ್ ಕ್ಯಾರೊಲೈನಾದ ರಿಸರ್ಚ್ ಟ್ರಯಾಂಗಲ್‌ಗೆ ವರ್ಗವಾಗಿ ಮನೆ ಮಾರಾಟಕ್ಕೆ ಬಂದಿತ್ತು. ಮನೆಯಲ್ಲಿ ಆಗ ಶರಣನ ತಾಯಿ ಶಿವಬಸಮ್ಮನೂ ಇದ್ದರು. ಆರು ತಿಂಗಳ ಮಟ್ಟಿಗೆ ಬಂದವರು. ಮಹಡಿಯ ಮೇಲೆ ಎರಡು ಬಾತ್‌ರೂಮು. ಒಂದು ಗಂಡಹೆಂಡಿರ ಮಲಗುವ ಕೋಣೆಯೊಳಗೆ. ಇನ್ನೊಂದು ಪಡಸಾಲೆಯ ಬದಿಗೆ, ಸಾಲೆಹಾಳ ಕೈಗೆ ಬಂದದ್ದು.

ಎರಡು ದಿನದಲ್ಲಿ ಓಕ್ ಮರದ ಕಪಾಟು ಕಡುನೀಲಿಯಾಯಿತು. ಹಿತ್ತಾಳೆ ಬಣ್ಣದ ನಲ್ಲಿ ಹೋಗಿ ಕಪ್ಪು ನಲ್ಲಿ ಬಂತು. ಬರೀ ಗಾಜಾಗಿದ್ದ ಕನ್ನಡಿಗೆ ಚೌಕಟ್ಟು ಬಂತು. ಉಳಿದದ್ದು ಸ್ನಾನದ ಟಬ್ಬು: ಹಳೆಯ ಹಲ್ಲಿನ ಬಣ್ಣದ್ದು. ಅದನ್ನು ಉಜ್ಜಿ, ಎರಡು ಡಬ್ಬಿಯ ದ್ರವ ಬೆರೆಸಿದ ಬಿಳಿಯ ಲೇಪವನ್ನು ರೋಲರಿನಿಂದ ಎಳೆದರೆ ಹೊಸದರಂತೆ ಹೊಳೆಯುತ್ತದೆ. ಆದರೆ ನಲವತ್ತೆಂಟು ಗಂಟೆ ನೀರು ತಾಕಬಾರದು, ಭಾರ ಬೀಳಬಾರದು. ಮಂಗಳವಾರ ಮಧ್ಯಾಹ್ನ ಎರಡಕ್ಕೆ ಲೇಪ ಮುಗಿಯಿತು. ಫೋಟೋಗೆ ನಲವತ್ತೈದು ಗಂಟೆ ಉಳಿದಿತ್ತು. ಫೋಟೋದಲ್ಲಿ ಯಾರೂ ಸ್ನಾನ ಮಾಡುವುದಿಲ್ಲ, ಮೂರು ಗಂಟೆಯ ಸಾಲ ನಡೆಯುತ್ತದೆ ಎಂದು ಆಕೆಯ ಲೆಕ್ಕ. ನನ್ನದೂ ಅದೇ ಲೆಕ್ಕ. ಹೊರಡುವಾಗ ನೀಲಗಂಗಾಳಿಗೆ ಮೂರು ಸಲ ಹೇಳಿದಳು. ನೀಲಗಂಗಾ ಅತ್ತೆಗೆ ಹೇಳಿದಳು: "ಅತ್ತಿ, ಎರಡು ದಿವಸ ನಮ್ಮ ಖೋಲ್ಯಾಗಿನ ಬಾತ್‌ರೂಮಿನ್ಯಾಗ ಜಳಕಾ ಮಾಡ್ರಿ." ಶಿವಬಸಮ್ಮ ಹೂಂ ಎಂದರು.

ಬುಧವಾರ ಬೆಳಿಗ್ಗೆ ಎಂಟೂವರೆಗೆ ಸಾಲೆಹಾ ಬಾಗಿಲು ತೆರೆದಾಗ ಟಬ್ಬಿನ ತಳದಲ್ಲಿ ಒಂದು ದುಂಡನೆಯ ಗುರುತು. ಬಕೆಟ್ಟಿನದು. ಪಕ್ಕದಲ್ಲಿ ಪ್ಲಾಸ್ಟಿಕ್ ಮಣೆಯ ನಾಲ್ಕು ಕಾಲಿನ ಗುಳಿ. ಇವೆರಡರ ನಡುವೆ ಟವೆಲ್ಲಿನ ನೇಯ್ಗೆ ನೇಯ್ದಂತೆಯೇ ಒತ್ತಿ ಕೂತಿತ್ತು, ಅಲ್ಲಲ್ಲಿ ನೀಲಿ ನೂಲು ಸಮೇತ.

ನೀಲಗಂಗಾ ನೋಡಿ ಬಾಯಿಗೆ ಕೈ ಹಚ್ಚಿದಳು. "ಹತ್ತು ಸರ್ತಿ ಹೇಳೇನಿ ಸಾಲೆಹಾ! ನಮ್ಮ ಶವರ್ ಅಂದ್ರ ಅವರಿಗೆ ಹೆದರಿಕಿ, ಗ್ಲಾಸಿನ ಡಬ್ಬಿ ಅಂತಾರ. ನಾ ಕೇಳ್ತೀನಿ ತಡೀರಿ."

ಇಬ್ಬರೂ ಕೆಳಗಿಳಿದರು. ಸಾಲೆಹಾಳ ಕೈಯಲ್ಲಿ ಬಣ್ಣ ಕೆರೆಯುವ ಬ್ಲೇಡು ಇತ್ತು, ಕೆಳಗಿಡುವುದು ಮರೆತಿದ್ದಳು. ಶಿವಬಸಮ್ಮ ಲಿಂಗಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಚಹಾ ಕುಡಿಯುತ್ತಿದ್ದರು.

"ನಾ ಭಾಳ ಹುಷಾರಿಲೆ ಮಾಡೇನವಾ," ಎಂದರು, ಯಾರೂ ಏನೂ ಕೇಳುವ ಮೊದಲೇ. "ಬಕೀಟು ಸರಿಸಿಲ್ಲ. ತಳಕ್ಕ ಧಕ್ಕೆ ಆಗಬಾರದಂತ ಟವಲ್ ಹಾಸೇನಿ."

"ಆ ಟವಲ್ಲೇ ಅಂಟಿಕೊಂಡೈತ್ರಿ ಅತ್ತಿ! ನಮ್ಮ ಖೋಲಿ ಬಾತ್‌ರೂಮಿಗೆ ಹೋಗಾಕ ಏನಾಗಿತ್ತು?"

"ನನಗ ಅಲ್ಲಿ ಒಗ್ಗೂದಿಲ್ಲ."

"ಯಾಕ?"

ಅತ್ತೆ ಚಹಾದ ಬಟ್ಟಲನ್ನೇ ನೋಡಿದರು, ಸೊಸೆ ಬ್ಲೇಡನ್ನು ನೋಡಿದಳು.

ಸಾಲೆಹಾ ಹೊರಗೆ ಹೋಗಿ ನನಗೆ ಫೋನ್ ಮಾಡಿದಳು. ದನಿ ಗಟ್ಟಿಯಾಗೇ ಇತ್ತು, ಉಸಿರು ಮಾತ್ರ ಮೆಟ್ಟಿಲು ಹತ್ತಿದವಳದು. ಕೇಳಿ, ವ್ಯಾಪಾರಿಗೆ ತೋಚುವುದನ್ನೇ ಹೇಳಿದೆ. "ಟಬ್ಬಿಗೆ ಅಡ್ಡ ಕರ್ಟನ್ ಎಳೆದುಬಿಡಮ್ಮ. ಫೋಟೋ ಚೆನ್ನಾಗೇ ಬರುತ್ತೆ."

"ಶೇಷಾದ್ರಿ ಅಂಕಲ್, ನೀವು ಮನೆ ಕೊಳ್ಳೋಕೆ ಹೋದ್ರೆ ಮೊದಲು ಏನು ಮಾಡ್ತೀರಾ?"

"ಕರ್ಟನ್ ಸರಿಸಿ ನೋಡ್ತೀನಿ."

"ಅಷ್ಟೇ. ಲೇಪದ ಇನ್ನೊಂದು ಕಿಟ್ ಇದ್ಯಾ?"

ಒಂದೇ ಒಂದು ಇತ್ತು. ನಾನೇ ಒಯ್ದೆ. ಆಕೆ ಅಷ್ಟರಲ್ಲಿ ಟಬ್ಬಿನ ಪಕ್ಕ ಮಂಡಿಯೂರಿ, ಎದ್ದ ಪದರವನ್ನೆಲ್ಲ ಕೆರೆದು, ಗಾಳಿಯ ತೇವ ಹೀರುವ ಯಂತ್ರ ಹಚ್ಚಿಟ್ಟಿದ್ದಳು. ಜೂನ್ ತಿಂಗಳ ಜಾರ್ಜಿಯಾದಲ್ಲಿ ಒಣಗಿದ ಬಟ್ಟೆಯೂ ಒದ್ದೆಯಾಗುತ್ತದೆ. ಸಂಜೆ ನಾಲ್ಕರೊಳಗೆ ತಳ ಗಟ್ಟಿಯಾದರೆ ಉಜ್ಜಿ, ತಳವಷ್ಟನ್ನೂ ಪೂರ್ತಿ ಮತ್ತೆ ಬಳಿಯಬೇಕು. ತೇಪೆ ಹಾಕಿದರೆ ಕಣ್ಣಿಗೆ ಹೊಡೆಯುತ್ತದೆ. ನಾಲ್ಕಕ್ಕೆ ಬಳಿದರೆ ಫೋಟೋ ಹೊತ್ತಿಗೆ ಹತ್ತೊಂಬತ್ತು ಗಂಟೆ. ನೋಡಲು ಸಾಕು, ಮುಟ್ಟಲು ಸಾಲದು.

"ನಾಳೆ ಬೆಳಿಗ್ಗೆ ಐದಕ್ಕೆ ಅಜ್ಜಿ ಎಲ್ಲಿ ಸ್ನಾನ ಮಾಡ್ತಾರೆ?" ಎಂದೆ.

ಅಂಚು ಕೆರೆಯುತ್ತಿದ್ದ ಕೈ ನಿಂತಿತು.

ನಾಳೆಯ ಮಾತನ್ನು ಕೆಳಗೆ ಶಿವಬಸಮ್ಮ ಆಗಲೇ ತೀರ್ಮಾನಿಸಿದ್ದರು. ಅಡುಗೆಮನೆಯಿಂದ ಕೇಳಿಸುತ್ತಿತ್ತು. "ನಾಳೆ ನಾ ಜಳಕಾನ ಮಾಡೂದಿಲ್ಲ ತಗೋ. ಯಾರ ಕೆಲಸನೂ ಕೆಡೂದಿಲ್ಲ."

"ಜಳಕಾ ಇಲ್ಲದ ಪೂಜಿ ಮಾಡೂದಿಲ್ಲ, ಪೂಜಿ ಇಲ್ಲದ ನೀರು ಸೈತ ಕುಡಿಯೂದಿಲ್ಲ. ಸಕ್ರಿ ಗುಳಿಗಿ ಯಾವಾಗ ನುಂಗ್ತೀರಿ?"

"ನುಂಗೂದಿಲ್ಲ."

"ತಲಿ ತಿರುಗಿ ಬಿದ್ರ?"

"ಬೀಳ್ತೀನಿ."

ಸಾಲೆಹಾ ಬ್ಲೇಡು ಕೆಳಗಿಟ್ಟಳು. ಮುದುಕಿ ಉಪವಾಸ ಕೂರುವುದಾದರೆ ತಾನು ಬಳಿಯುವಂತಿಲ್ಲ, ಬಳಿಯದಿದ್ದರೆ ಗುರುವಾರವಿಲ್ಲ. ನನ್ನ ಮುಂದೆ ಏನೂ ಹೇಳದೆ ಎದ್ದು, ಪಡಸಾಲೆ ದಾಟಿ ಗಂಡಹೆಂಡಿರ ಕೋಣೆಯ ಕಡೆ ಹೋದಳು. ಗಾಜಿನ ಶವರಿನಲ್ಲಿ ಮಣೆ ಹಿಡಿಸುತ್ತದೆಯೇ ನೋಡಿಬರಲು ಹೋಗಿದ್ದಾಳೆಂದುಕೊಂಡೆ. ಆಕೆಯೂ ಅದಕ್ಕೇ ಹೋದದ್ದಂತೆ. ಆದರೆ ಶವರಿನ ತನಕ ಹೋಗಲಿಲ್ಲ. ಬಾಗಿಲು ತೆಗೆದರೆ ಎದುರಿಗೇ ಮಂಚ. ಮುದುರಿದ ಹೊದಿಕೆ, ಒಂದು ಕಡೆ ನೀಲಗಂಗಾಳ ನೈಟಿ, ಇನ್ನೊಂದು ಕಡೆ ಶರಣನ ಕನ್ನಡಕ. ಬಾತ್‌ರೂಮಿನ ಬಾಗಿಲು ಮಂಚದ ಆಚೆ. ಮಲಗಿದವರ ಕಾಲ ಬುಡದಲ್ಲೇ ಹಾದು ಹೋಗಬೇಕು.

ತಿರುಗಿ ಬಂದವಳ ಮುಖ ಬೇರೆಯಾಗಿತ್ತು. "ಅಂಕಲ್, ನಮ್ಮತ್ತೆ ಮೂರು ತಿಂಗಳು ನಮ್ಮನೇಲಿದ್ರು. ನಸುಕಿನ ಫಜರ್ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳ್ಕೊಂಡು ವುಜು ಮಾಡೋಕೆ ಕೆಳಗಿನ ಅಡುಗೆಮನೆ ಸಿಂಕಿಗೆ ಹೋಗ್ತಿದ್ರು. ನಮ್ಮ ರೂಮಿನ ಇಷ್ಟು ದೊಡ್ಡ ಬಾತ್‌ರೂಮ್ ಬಿಟ್ಟು ಯಾಕಮ್ಮಾ ಅಂತ ನಾನೂ ಬೈತಿದ್ದೆ."

ಕೆಳಗಿಳಿದು ನೀಲಗಂಗಾಳನ್ನು ಪಕ್ಕಕ್ಕೆ ಕರೆದಳು. "ಇವತ್ತು ನೀವಿಬ್ರೂ ಬೇಸ್‌ಮೆಂಟಲ್ಲಿ ಮಲಗಬೇಕು."

"ಯಾಕ್ರೀ?"

"ಮಗ ಸೊಸೆ ಮಲಗಿರೋ ರೂಮಿಗೆ ಬೆಳಗಿನ ಜಾವ ಐದಕ್ಕೆ ಬಕೆಟ್ ಹಿಡ್ಕೊಂಡು ಅಜ್ಜಿ ಹೇಗೆ ಬರ್ತಾರೆ?"

ನೀಲಗಂಗಾಳ ಮುಖ ಕಿವಿಯವರೆಗೂ ಕೆಂಪಾಯಿತು. ಮಧ್ಯಾಹ್ನ ಊಟಕ್ಕೆ ಬಂದ ಶರಣನಿಗೆ ವಿಷಯ ತಿಳಿದಾಗ ಅವನು ನೇರವಾಗಿ ತಾಯಿಯ ಹತ್ತಿರವೇ ಹೋಗಿ, "ಇಷ್ಟೇನ ಅವ್ವಾ? ಒಂದು ಮಾತು ಹೇಳಬಾರದಿತ್ತೇನು?" ಎಂದ.

"ಏನಂತ ಹೇಳ್ಲೋ?" ಎಂದರು ಶಿವಬಸಮ್ಮ. ಮಗ ಒಂದು ಕ್ಷಣ ಯೋಚಿಸಿ, ಊಟದ ತಟ್ಟೆ ಹುಡುಕಿಕೊಂಡು ಹೋದ. ಅವ್ವನ ಕಣ್ಣು ಸಾಲೆಹಾಳ ಕಡೆ ಹೊರಳಿತು. "ನೀ ತಿಳಕೊಂಡಿ ನೋಡು ತಂಗಿ. ರೊಟ್ಟಿ ತಿಂತೀಯಿಲ್ಲೋ?"

ಸಾಲೆಹಾ ತಿನ್ನಲಿಲ್ಲ. ನಾಲ್ಕಕ್ಕೆ ತಳ ಗಟ್ಟಿಯಾಯಿತೋ ಇಲ್ಲವೋ ಎಂಬ ಅನುಮಾನದಲ್ಲೇ ಬಳಿದಳು.

ಗುರುವಾರದ ಕಥೆಯನ್ನು ಮೂವರು ನನಗೆ ಮೂರು ಬೆಲೆಗೆ ಮಾರಿದ್ದಾರೆ. ಚೌಕಾಸಿ ಮಾಡಿ ಉಳಿದದ್ದು ಇಷ್ಟು. ಬೆಳಿಗ್ಗೆ ಐದಕ್ಕೆ ಶಿವಬಸಮ್ಮ ಖಾಲಿ ಕೋಣೆ ದಾಟಿ ಜಳಕ ಮಾಡಿದರು, ಪೂಜೆ ಮಾಡಿದರು, ಗುಳಿಗೆ ನುಂಗಿದರು. ಆಮೇಲೆ ಒಂದು ಕುರ್ಚಿ ತಂದು ಪಡಸಾಲೆಯ ಬಾತ್‌ರೂಮಿನ ಎದುರಿಗೆ ಹಾಕಿಕೊಂಡು ಕೂತರು. ಏಕೆಂದು ಯಾರೂ ಕೇಳಲಿಲ್ಲ. ಸಾಲೆಹಾ ಒಂಬತ್ತಕ್ಕೆ ಬಂದು ನೋಡಿದರೆ ತಳ ಕನ್ನಡಿಯಂತಿತ್ತು. ಒಂದು ಮೂಲೆಯಲ್ಲಿ ಬೆರಳ ತುದಿ ತಾಕಿಸಿದಳು. ಸಣ್ಣಗೆ ಅಂಟಿತು.

ಹನ್ನೊಂದಕ್ಕೆ ಬರಬೇಕಾದವರು ಹತ್ತೂಕಾಲಿಗೇ ಬಂದರು. ಊರ್ಮಿಳಾ ಬಾಗಿಲಲ್ಲೇ ನಿಂತು ಕಪಾಟು ನೋಡಿದಳು, ನಲ್ಲಿ ನೋಡಿದಳು, ಹುಬ್ಬು ಮೇಲೇರಿಸಿದಳು. ಅದು ಮೆಚ್ಚುಗೆ. ಫೋಟೋಗ್ರಾಫರ್ ಒಬ್ಬ ಎತ್ತರದ ಅಮೆರಿಕನ್ ಹುಡುಗ. ಬಾಗಿಲಿಂದ ಒಮ್ಮೆ ಇಣುಕಿ, ಕೋಣೆ ಚಿಕ್ಕದೆಂದು ತಲೆಯಾಡಿಸಿ, ಬೂಟು ಕಳಚತೊಡಗಿದ. ಇಂಥ ಕಡೆ ಇಡೀ ಕೋಣೆ ಚಿತ್ರದಲ್ಲಿ ಬರಬೇಕಾದರೆ ಅವರೆಲ್ಲ ಟಬ್ಬಿನೊಳಗೆ ನಿಂತೇ ತೆಗೆಯುವುದು. ಅದು ಸಾಲೆಹಾಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಹೇಳಲು ಹೊಳೆದಿರಲಿಲ್ಲ.

ಅವನ ಒಂದು ಕಾಲು ಟಬ್ಬಿನ ಅಂಚು ದಾಟಿ ಗಾಳಿಯಲ್ಲಿತ್ತು.

"ಏ ತಮ್ಮಾ! ಕಾಲ ತಗಿಯೋ! ಹಸಿ ಐತದು!" ಎಂದು ಕುರ್ಚಿಯಿಂದಲೇ ಶಿವಬಸಮ್ಮ ಕೂಗಿದರು.

ಹುಡುಗನಿಗೆ ಕನ್ನಡ ಬರುವುದಿಲ್ಲ. ಆದರೆ ಆ ದನಿಗೆ ಭಾಷೆ ಬೇಕಿರಲಿಲ್ಲ. ಒಂಟಿ ಕಾಲಲ್ಲಿ ಕ್ಯಾಮೆರಾ ಅಪ್ಪಿಕೊಂಡು ನಿಂತುಬಿಟ್ಟ. ಸಾಲೆಹಾ ಅವನ ಮೊಣಕೈ ಹಿಡಿದು ಹಿಂದಕ್ಕೆ ಎಳೆದಳು. ಅವನ ಸಾಕ್ಸು ನೆಲ ಮುಟ್ಟಿತು.

"ಹಸಿ?" ಎಂದಳು ಊರ್ಮಿಳಾ. "ಮಂಗಳವಾರ ಹಾಕಿದ್ದು ಅಂದ್ರಲ್ಲ ಸಾಲೆಹಾ?"

ನೀಲಗಂಗಾ ನೆಲ ನೋಡಿದಳು. ಶಿವಬಸಮ್ಮ ಕುರ್ಚಿಯಿಂದ ಅರ್ಧ ಎದ್ದರು. "ಅದು ನಾ..."

"ನಿನ್ನೆ ನಾಲ್ಕಕ್ಕೆ ಇನ್ನೊಂದ್ಸಲ ಹಾಕಿದೆ," ಎಂದಳು ಸಾಲೆಹಾ. "ಮೊದಲನೇದು ಹಾಳಾಯ್ತು. ಮನೇಲಿ ಯಾರು ಎಲ್ಲಿ ಸ್ನಾನ ಮಾಡ್ತಾರೆ ಅಂತ ಕೇಳದೇ ಕೆಲಸ ಶುರು ಮಾಡಿದ್ದೆ. ನನ್ನ ತಪ್ಪು. ಶನಿವಾರದ ತನಕ ಟಬ್ ಮುಟ್ಟೋ ಹಾಗಿಲ್ಲ. ಮನೆ ನೋಡೋಕೆ ಬರೋವ್ರಿಗೂ ಹೇಳ್ಬಿಡಿ."

"ನಿನ್ನೇನೇ ನನಗೆ ಹೇಳಬಹುದಿತ್ತಲ್ಲ?"

"ಹೇಳಿದ್ರೆ ನೀವು ಹಳೇ ಕಾಂಟ್ರಾಕ್ಟರ್‌ನ ಕರೀತಿದ್ರಿ."

ಊರ್ಮಿಳಾ ಇಲ್ಲವೆನ್ನಲಿಲ್ಲ. ಹುಡುಗನಿಗೆ ಬಾಗಿಲಿಂದಲೇ ತೆಗೆಯಲು ಹೇಳಿದಳು. ಅವನು ಕ್ಯಾಮೆರಾವನ್ನು ಕೋಲಿಗೆ ಸಿಕ್ಕಿಸಿ, ಕೈ ಚಾಚಿ, ಶಿವಬಸಮ್ಮನ ಕಣ್ಗಾವಲಿನಲ್ಲಿ ಆರು ಚಿತ್ರ ತೆಗೆದ. ಊರ್ಮಿಳಾ ಹೋಗುವಾಗ ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎನ್ನಲಿಲ್ಲ.

ಸೋಮವಾರದವರೆಗೆ ಫೋನಿಲ್ಲ. ನಾಲ್ಕು ದಿನವೂ ಸಾಲೆಹಾ ಏನಾದರೊಂದು ನೆಪ ಮಾಡಿ ನನ್ನ ಅಂಗಡಿಗೆ ಬಂದಳು; ನಾಲ್ಕು ದಿನದಲ್ಲಿ ಕೊಂಡದ್ದು ಒಂದು ಸ್ಯಾಂಡ್‌ಪೇಪರ್. ಕೊನೆಗೆ ಫೋನು ಬಂದಾಗ ಕೌಂಟರಿನ ಮುಂದೆಯೇ ಇದ್ದಳು. ನನಗೂ ಕೇಳಲೆಂದು ಸ್ಪೀಕರಿಗೆ ಹಾಕಿದಳು.

"ಮೂರು ಮನೆ ಇದೆ," ಎಂದಳು ಊರ್ಮಿಳಾ. "ಮೂರೂ ಖಾಲಿ. ಇನ್ಮೇಲೆ ನಿಮಗೆ ಖಾಲಿ ಮನೆ ಮಾತ್ರ. ಜನ ಇರೋ ಮನೆ ಹಳೇ ಕಾಂಟ್ರಾಕ್ಟರ್‌ಗೆ."

ಮೂರು ಮನೆ ಎಂದರೆ ಸಣ್ಣ ಮಾತಲ್ಲ. ತಗೋ ಎಂದು ನಾನು ಕೈಸನ್ನೆ ಮಾಡಿದೆ. ಸಾಲೆಹಾ ನನ್ನ ಕಡೆ ನೋಡಲಿಲ್ಲ.

"ಜನ ಇರೋ ಮನೆ ಯಾವುದಾದ್ರೂ ಇದ್ಯಾ ಈಗ?"

"ಆಲ್ಫರೆಟಾದಲ್ಲಿ ಒಂದಿದೆ. ಅತ್ತೆ, ಮಾವ, ಇಬ್ಬರು ಸಣ್ಣ ಮಕ್ಕಳು. ನಿಮಗ್ಯಾಕೆ ಆ ತಲೆನೋವು?"

"ಅವರು ಬೆಳಿಗ್ಗೆ ಎಷ್ಟೊತ್ತಿಗೆ ಏಳ್ತಾರೆ, ಎಲ್ಲಿ ಸ್ನಾನ ಮಾಡ್ತಾರೆ ಅಂತ ನಿಮ್ಮ ಕಾಂಟ್ರಾಕ್ಟರ್ ಕೇಳಿದ್ನಾ?"

ಆ ಕಡೆ ಊರ್ಮಿಳಾ ಕಾಗದ ಮಗುಚುವ ಸದ್ದು.

"ಇವತ್ತು ಸಂಜೆ ನಾನು ಹೋಗಿ ಕೇಳ್ಕೊಂಡು ಬರ್ತೀನಿ. ಆಮೇಲೆ ಯಾರಿಗೆ ಬೇಕೋ ಅವರಿಗೆ ಕೊಡಿ."

ಊರ್ಮಿಳಾ ಆಲ್ಫರೆಟಾದ ಮನೆಯ ವಿಳಾಸ ಹೇಳತೊಡಗಿದಳು. ಸಾಲೆಹಾ ನನ್ನ ಹೊಸ ಬಿಲ್ ಪುಸ್ತಕವನ್ನು ಎಳೆದುಕೊಂಡು ಅದರ ಮೊದಲ ಹಾಳೆಯ ಮೇಲೆ ಬರೆದುಕೊಂಡಳು, ಮತ್ತು ಕೇಳದೆಯೇ ಹರಿದುಕೊಂಡು ಹೋದಳು.