ಇಳಿಯುವ ಮೊದಲೇ ಬೂಟು ತೊಳೆದವರು

"ಧ್ರುವದಲ್ಲಿ ಬೂಟು ತೊಳೆದವರು ಈಗ ಕಾಪುವಿನಲ್ಲಿ ಟಯರು ತೊಳೆಯುತ್ತಿದ್ದಾರೆ! ಎಲ್ಲರೂ ನೋಡಿ ಪುಣ್ಯ ಕಟ್ಟಿಕೊಳ್ಳಿ!"

ಬೆಳಗ್ಗೆ ಆರು ಗಂಟೆ. ಕಾರ್ಕಳ ಬಸ್ಸಿಗೆ ಕಾದು ನಿಂತವರ ಎದುರು ಬಸ್ ಏಜೆಂಟ್ ಲೀಲಾಧರ ಹೀಗೆ ಕೂಗುತ್ತಾರೆ. ಎಲ್ಲರೂ ನಗುತ್ತಾರೆ. ಚಕ್ರದ ಬಳಿ ಕುಕ್ಕರಗಾಲಿನಲ್ಲಿ ಕೂತ ವಲೇರಿಯನ್ ಬ್ರಶ್ ನಿಲ್ಲಿಸುವುದಿಲ್ಲ.

"ಟಯರೇ ಒಳ್ಳೆಯದು ಲೀಲಣ್ಣ. ಬೂಟಿನ ಒಳಗೆ ಕಾಲು ಇರುತ್ತದೆ, ಕಾಲಿನ ಮೇಲೆ ಬಾಯಿ ಇರುತ್ತದೆ."

ನಕ್ಕವರಿಗೆ ಗೊತ್ತಿರಲಿ. ಪಕ್ಕದ ಇನ್ನಂಜೆ ಊರಿನ ಈ ನಲವತ್ತೊಂದರ ಮನುಷ್ಯ ಐದು ಬೇಸಿಗೆ ಉತ್ತರ ಧ್ರುವದ ಹತ್ತಿರ ದುಡಿದವರು. ದುಡ್ಡಿದ್ದವರಿಗೆ ಹಿಮ ತೋರಿಸುವ ಹಡಗು ಅದು. ದಡ ಸುತ್ತಿ ಬಂದವರು ಏಣಿ ಹತ್ತಿದ ಕೂಡಲೇ ಅವರ ಬೂಟು ತೊಳೆಯುವುದು ಇವರ ಕೆಲಸ. ತೊಂಬತ್ತೆರಡು ಪ್ರಯಾಣಿಕರು, ದಿನಕ್ಕೆ ಎರಡು ಸಲ. ಬೂಟು ಕಳಚಿ ಕೊಡುವ ಮರ್ಯಾದೆಯೂ ಇಲ್ಲ. ಕಾಲು ಚಾಚಿ ನಿಲ್ಲುತ್ತಾರೆ. ಊರಿಗೆ ಮರಳಿದ ಮೇಲೆ ಅವರ ಫೋಟೋ ಪತ್ರಿಕೆಯಲ್ಲಿ ಬರುತ್ತದೆ. ತೊಳೆದವನ ಹೆಸರು ಯಾರಿಗೆ ಬೇಕು?

"ನೀರು ಹೇಗಿರುತ್ತದೆ ಅಂದರೆ, ಬೆರಳು ಉಂಟೋ ಇಲ್ಲವೋ ಅಂತ ಕಣ್ಣಲ್ಲಿ ನೋಡಿಯೇ ತಿಳಿಯಬೇಕು" ಎನ್ನುತ್ತಾರೆ ವಲೇರಿಯನ್.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಇದೇ ಪೇಟೆಯಲ್ಲಿ ಬಸ್ ತೊಳೆದರು. ಆಮೇಲೆ ಬೊಂಬಾಯಿ, ಆಮೇಲೆ ಹಡಗು. ಹಡಗಿನಿಂದ ರಜೆಗೆ ಬಂದಾಗಲೂ ಬಸ್ ತೊಳೆಯುವುದು ಬಿಟ್ಟಿಲ್ಲ. "ಮನೆಯಲ್ಲಿ ಕೂತರೆ ಹೆಂಡತಿ ಗ್ಲ್ಯಾಡಿಸ್ ತೆಂಗಿನ ಮಡಲು ಎಳೆಯಲು ಹೇಳುತ್ತಾಳೆ ಮಾರಾಯ."

ಗ್ರೀನ್‌ಲ್ಯಾಂಡಿನ ತುದಿಯಲ್ಲಿ ಮೂವತ್ತು ಮನೆಗಳ ಒಂದು ಹಳ್ಳಿ ಉಂಟು. ಹಡಗು ಪ್ರತಿ ಬೇಸಿಗೆ ಅಲ್ಲಿ ನಿಲ್ಲುತ್ತದೆ. ನಾಲ್ಕು ವರ್ಷ ವಲೇರಿಯನ್ ಆ ಊರನ್ನು ಬೂಟಿನ ಅಡಿಯಲ್ಲೇ ಕಂಡರು: ಕಪ್ಪು ಮರಳು, ನಾಯಿಯ ಕೂದಲು, ಮೀನಿನ ಮುಳ್ಳು. ಒಮ್ಮೆ ತಾನೂ ಕಾಲಿಡಬೇಕೆಂಬ ಆಸೆ. ಕೇಳಿದಾಗಲೆಲ್ಲ ಹಡಗಿನ ಅಧಿಕಾರಿಯದು ಒಂದೇ ಮಾತು: ದಡ ಟಿಕೇಟಿನವರಿಗೆ.

ಕಳೆದ ವರ್ಷ, ೧೯೮೪ರ ಆಗಸ್ಟಿನಲ್ಲಿ, ಒಂದು ಗಂಟೆ ದಡಕ್ಕೆ ಬಿಟ್ಟರು. ಪ್ರಯಾಣಿಕರಿಗಿಂತ ಮೊದಲು ಮರಳಬೇಕು, ಅವರಿಂದ ದೂರು ಬಂದರೆ ಕೆಲಸ ಹೋಗುತ್ತದೆ ಎಂಬ ಷರತ್ತಿನ ಮೇಲೆ.

"ಬೂಟು ತೊಳೆಯುವುದು ಬಂದ ಮೇಲೆ ಅಲ್ವಾ? ನಾನು ನನ್ನದನ್ನು ಹೋಗುವ ಮೊದಲೇ ತೊಳೆದೆ. ಬೇರೆಯವರ ಊರಿಗೆ ಹೋಗುವುದಲ್ವಾ?"

ದಡದಲ್ಲಿ ಪ್ರಯಾಣಿಕರು ಮನೆಗಳ ಕಿಟಕಿಗೆ ಕ್ಯಾಮೆರಾ ಒತ್ತಿ ಇಣುಕುತ್ತಿದ್ದರು. ಒಂದು ಬಾಗಿಲಲ್ಲಿ ಮುದುಕಿಯೊಬ್ಬರು ಮೀನು ಸೀಳುತ್ತಿದ್ದರು. ಮಾತಾಡಲು ಭಾಷೆ ಇಲ್ಲ. ವಲೇರಿಯನ್ ನಕ್ಕರು, ಮೆಟ್ಟಿಲ ಬಳಿ ಬೂಟು ಕಳಚಿ ಕಾಲುಚೀಲದಲ್ಲಿ ನಿಂತರು.

"ಅಭ್ಯಾಸ, ಎಂತ ಮಾಡುವುದು! ಚಳಿಗೆ ಪಾದ ಕಲ್ಲಾಯಿತು. ಅವರು ನನ್ನ ಕಾಲು ನೋಡಿ, ಹೊಸ್ತಿಲ ಬಳಿ ಸಾಲಾಗಿದ್ದ ಮನೆಯವರ ಬೂಟು ತೋರಿಸಿದರು. ಅಲ್ಲಿಯೂ ನಮ್ಮ ಹಾಗೆಯೇ, ಕಳಚಿಯೇ ಒಳಗೆ! ಕೈ ಹಿಡಿದು ಕರೆದುಕೊಂಡು ಹೋದರು."

ಇಪ್ಪತ್ತು ನಿಮಿಷ. ಕಾಫಿ, ಒಣಮೀನು. ಮತ್ತೆ ಎಂತ ಕಂಡಿರಿ ಎಂದು ಕೇಳಿದರೆ, "ಉಳಿದದ್ದು ಆ ಮನೆಯವರದ್ದು" ಎನ್ನುತ್ತಾರೆ.

ಹೊರಗೆ ಬಂದಾಗ ಕ್ಯಾಮೆರಾದ ಪ್ರಯಾಣಿಕನೊಬ್ಬ ದಾರಿಗೆ ಅಡ್ಡ ನಿಂತಿದ್ದ. "ನಿನ್ನನ್ನೇ ಒಳಗೆ ಬಿಟ್ಟಳಲ್ಲ! ನನ್ನನ್ನೂ ಬಿಡಲು ಹೇಳು. ಎರಡೇ ಫೋಟೋ. ಇಲ್ಲದಿದ್ದರೆ ನಿನಗೆ ದಡದಲ್ಲಿ ಏನು ಕೆಲಸ ಎಂದು ಅಧಿಕಾರಿಯನ್ನೇ ಕೇಳುತ್ತೇನೆ."

ವಲೇರಿಯನ್ ಮೆಟ್ಟಿಲ ಮೇಲೆ ಕೂತು ಬೂಟು ಹಾಕಿಕೊಂಡರು. ಮುದುಕಿಗೆ ತಲೆಬಾಗಿದರು. ಬಾಗಿಲನ್ನು ತಾವೇ ಎಳೆದು ಮುಚ್ಚಿದರು. ಪ್ರಯಾಣಿಕ ಇನ್ನೊಮ್ಮೆ, ಈ ಸಲ ಜೋರಾಗಿ ಕೇಳಿದ. ಅವರು ಅವಸರ ಮಾಡದೆ ದೋಣಿಯ ಕಡೆಗೆ ನಡೆದರು.