ಶಾಫ್ಟಿನ ಮುಚ್ಚಳ

ಇವತ್ತು ಬೆಳಿಗ್ಗೆ ಚಹಾದ ಕಪ್ಪು ಎತ್ತಿದರೆ ಬೆರಳಲ್ಲೆಲ್ಲ ಗ್ರೀಸಿನ ವಾಸನೆ. ಎರಡು ಸಲ ಸೋಪು ಹಾಕಿ ತೊಳೆದರೂ ಹೋಗಿರಲಿಲ್ಲ. ಇರಲಿ ಬಿಡಿ. ಮದುವೆಯಾಗಿ ಹಲಗೇರಿಗೆ ಬಂದ ಹೊಸದರಲ್ಲಿ ಇದೇ ವಾಸನೆಗೆ ಮೂಗು ಮುಚ್ಚಿಕೊಂಡವಳು ನಾನು. ಸೊಸೆಯ ಕೈಗೆ ಅತ್ತೆ ಸೌಟು ಕೊಡುತ್ತಾಳೆ ಎಂದು ಕೇಳಿದ್ದೆ. ನನ್ನತ್ತೆ ಕೊಟ್ಟಿದ್ದು ಗ್ರೀಸ್ ಗನ್ನು.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ನಮ್ಮ ಟ್ರ್ಯಾಕ್ಟರಿಗೆ ಹುಲ್ಲು ಕತ್ತರಿಸುವ ಯಂತ್ರ ತಂದಿದ್ದೆವು. ಮಾವಿನ ತೋಟಗಳ ಹುಲ್ಲು ಸವರಲು ಬ್ಯಾಡಗಿಯ ತನಕ ಕರೆ ಬರುತ್ತಿತ್ತು. ಓಡಿಸುವವರು ನಮ್ಮ ಯಜಮಾನರು. ಆದರೆ ಟ್ರ್ಯಾಕ್ಟರಿನ ಹಿಂದೆ ಗಿರಗಿರ ತಿರುಗಿ ಯಂತ್ರವನ್ನು ನಡೆಸುವ ಉದ್ದನೆಯ ಶಾಫ್ಟು ಮಾತ್ರ ಅತ್ತೆಯ ಸುಪರ್ದಿ. ಎರಡೂ ತುದಿಯ ಜಾಯಿಂಟಿಗೆ ದಿನಾ ಗ್ರೀಸು ಹಾಕಬೇಕು, ಸುತ್ತಿಕೊಂಡ ಹುಲ್ಲು ಕೀಳಬೇಕು, ಪಿನ್ನು ಸರಿಯಾಗಿ ಕೂತಿದೆಯೋ ಇಲ್ಲವೋ ಎಳೆದು ನೋಡಬೇಕು. ಕೊನೆಗೆ ಅದರ ಮೇಲೊಂದು ಕೊಳವೆಯಂಥ ಪ್ಲಾಸ್ಟಿಕ್ ಮುಚ್ಚಳ. ಒಳಗೆ ಶಾಫ್ಟು ತಿರುಗಿದರೂ ಮುಚ್ಚಳ ನಿಂತಲ್ಲೇ ನಿಲ್ಲಬೇಕು. ಅದು ತಿರುಗದಂತೆ ಗಾಡಿಗೆ ಬಿಗಿಯಲು ಒಂದು ಸಣ್ಣ ಸರಪಳಿ. ಇಷ್ಟೂ ಆಗದೆ ಅತ್ತೆ ಕೀಲಿ ಕೊಡುತ್ತಿರಲಿಲ್ಲ. ಸುತ್ತಲಿನ ಊರಿನವರೆಲ್ಲ ಗ್ರೀಸು ಹಾಕಲು ಅಡ್ಡ ಎಂದು ಆ ಮುಚ್ಚಳವನ್ನು ಎಂದೋ ಕಿತ್ತೆಸೆದಿದ್ದರು. ಕುಪ್ಪೇಲೂರಿನ ಒಂದು ಮನೆಯಲ್ಲಿ ಅದೇ ಬಚ್ಚಲ ನೀರು ಹೋಗುವ ಪೈಪಾಗಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಅತ್ತೆಯ ಹಟಕ್ಕೆ ಕಾರಣವಿತ್ತು. ಹಿಂದೊಮ್ಮೆ ಮಾವನವರ ಧೋತರದ ಅಂಚು ಇಂಥದೇ ಒಂದು ಬೋಳು ಶಾಫ್ಟಿಗೆ ಸಿಕ್ಕಿ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಇಡೀ ಧೋತರ ಸುತ್ತಿಕೊಂಡಿತ್ತು. ಹಳೆಯ ಬಟ್ಟೆ, ಪರ್ರನೆ ಹರಿಯಿತು, ಮಾವ ಉಳಿದರು. ಚಡ್ಡಿಯಲ್ಲಿ ಮನೆಗೆ ಬಂದ ಆ ಕತೆಯನ್ನು ಅವರು ಕಟ್ಟೆಯ ಮೇಲೆ ಕೂತು ಹೇಳಿ ಹೇಳಿ ಓಣಿಯನ್ನೆಲ್ಲ ನಗಿಸುತ್ತಿದ್ದರು. ಅತ್ತೆ ಒಂದು ದಿನವೂ ನಗಲಿಲ್ಲ. ನಾನು ನಕ್ಕಿದ್ದೆ, ಸುಳ್ಳೇಕೆ ಹೇಳಲಿ.

ಒಂದು ವರ್ಷ ಮಳೆ ನಿಂತ ಮೇಲೆ ಮೋಟೆಬೆನ್ನೂರಿನ ದೊಡ್ಡ ತೋಟದ ಗೌಡರು ಹೇಳಿಕಳಿಸಿದರು. ವರ್ಷಕ್ಕೆಲ್ಲ ಅವರದೇ ನಮಗೆ ದೊಡ್ಡ ಕೆಲಸ. ಹೊರಡುವಾಗ ನೋಡಿದರೆ ಮುಚ್ಚಳದ ಸರಪಳಿ ಕಡಿದು ಹೋಗಿದೆ. ರಾಣೆಬೆನ್ನೂರಿನ ಅಂಗಡಿಗಳಿಗೆ ಅಂದೇ ವಾರದ ರಜೆ. ಆಗ ನನ್ನ ಜಾಣತನ ನೋಡಿ: ಹಳೆಯ ಸೀರೆಯ ಅಂಚು ಹರಿದು, ಹಗ್ಗದಂತೆ ಹೊಸೆದು, ಮುಚ್ಚಳವನ್ನು ಬಿಗಿಯಾಗಿ ಕಟ್ಟಿಬಿಟ್ಟೆ. ಶಾಭಾಸ್ ಎಂದಾರು ಎಂದು ಅತ್ತೆಯನ್ನು ಕರೆದೆ. ಅವರು ಬಗ್ಗಿ ನೋಡಿದರು.

"ಸೀರಿ ಸುತ್ತಬಾರ್ದು ಅಂತ ಮುಚ್ಚಳ ಹಾಕೋದವಾ. ನೀ ಸೀರೀನ ಕಟ್ಟೀಯಲ್ಲ."

ಕುಡಗೋಲು ತಂದು ಅದನ್ನು ಕತ್ತರಿಸಿ ಹಾಕಿದರು. ಸರಪಳಿ ಬರುವ ತನಕ ಗಾಡಿ ಅಂಗಳ ಬಿಟ್ಟು ಕದಲುವುದಿಲ್ಲ ಎಂದರು. ಯಜಮಾನರು ಕೂಗಾಡಿದರು. ಗೌಡರ ಆಳು ಬೈಕಿನಲ್ಲಿ ಬಂದು, ಮಧ್ಯಾಹ್ನದೊಳಗೆ ಬಾರದಿದ್ದರೆ ಬೇರೆಯವರನ್ನು ಕರೆಯುತ್ತೇವೆ ಎಂದ. ಧಾರಾಳವಾಗಿ ಕರೆಯಿರಿ ಎಂದು ಅತ್ತೆ ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಮೆಣಸಿನಕಾಯಿ ತೊಟ್ಟು ಮುರಿಯಲು ಕೂತರು.

ಗೌಡರು ಬೇರೆಯವರನ್ನು ಕರೆದೇಬಿಟ್ಟರು. ಮುಚ್ಚಳವಿಲ್ಲದ ಗಾಡಿಯೊಂದು ಎರಡೇ ದಿನದಲ್ಲಿ ಆ ತೋಟ ಮುಗಿಸಿತು. ಯಾರ ಧೋತರವೂ ಸಿಗಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಗೌಡರು ಮತ್ತೆಂದೂ ನಮ್ಮನ್ನು ಕರೆಯಲಿಲ್ಲ. ನನಗೆ ಹೊಟ್ಟೆ ಉರಿದುಹೋಗಿತ್ತು. ಈಗೇನಂತೀರಿ ಎಂದು ಅತ್ತೆಯನ್ನು ಕೆಣಕಿದೆ.

"ಏನನ್ಲಿ? ನಿನ್ನ ಗಂಡ ಒಳಗ ಎರಡೂ ಕೈಲೆ ರೊಟ್ಟಿ ಮುರ್ಯಾಕತ್ತಾನ. ಹೋಗಿ ನೋಡು."

ಹೋಗಿ ನೋಡಿದೆ. ತಟ್ಟೆಗೆ ಪಲ್ಯ ಬಡಿಸಿದೆ.

ಅತ್ತೆ ಹೋಗಿ ವರ್ಷಗಳಾದವು. ಕೊನೆಯ ತನಕ ಅವರ ಮಾತು ಸರಿ ಎಂದು ಊರಲ್ಲಿ ಒಬ್ಬರೂ ಒಪ್ಪಲಿಲ್ಲ. ಆಗದೇ ಹೋದ ಅನಾಹುತಕ್ಕೆ ಸಾಕ್ಷಿ ಎಲ್ಲಿಂದ ತರುವುದು? ನಾನಂತೂ ತರಲು ಹೋಗುವುದಿಲ್ಲ. ಯಜಮಾನರಿಗೆ ಈಗ ಮಂಡಿನೋವು, ಗಾಡಿಗೆ ಹೊಸ ಡ್ರೈವರು ಬಂದಿದ್ದಾನೆ. ಯಾರ ಗಾಡಿಗೂ ಇಲ್ಲದ್ದು ನಿಮ್ಮ ಗಾಡಿಗೇಕೆ ಎಂದು ಇವತ್ತು ಅಂಗಳದಲ್ಲಿ ನಿಂತು ನಗುತ್ತಿದ್ದ. ನಾನು ಕೀಲಿ ಕೊಡಲಿಲ್ಲ.

"ನಗಪಾ," ಎಂದೆ. "ಮೊದ್ಲ ಮುಚ್ಚಳ ಹಾಕು. ಆಮ್ಯಾಲ ಎಷ್ಟ್ ಬೇಕೋ ಅಷ್ಟ್ ನಗು."