ಬೆನ್ನುದ್ದ, ಅಡ್ಡ

೨೦೦೨ರಲ್ಲಿ ನಾನು ಹಾಸನದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಂಶೋಧನಾ ಸಹಾಯಕ. ಚರ್ಮವನ್ನು ಎಳೆದರೆ ಎಷ್ಟು ಬಲಕ್ಕೆ ಎಷ್ಟು ಹಿಗ್ಗುತ್ತದೆ ಎಂಬುದನ್ನು ಗಣಿತದ ಮಾಡೆಲ್‌ಗೆ ಇಳಿಸುವುದು ನಮ್ಮ ಕೆಲಸ. ಚರ್ಮದ ಬಲವೆಲ್ಲ ಕೊಲ್ಯಾಜನ್ ಎಂಬ ನಾರಿನಲ್ಲಿದೆ. ಎಳೆದಾಗ ಸುಕ್ಕಾಗಿದ್ದ ನಾರುಗಳು ಮೊದಲು ಸಲೀಸಾಗಿ ಬಿಚ್ಚಿಕೊಳ್ಳುತ್ತವೆ, ನೆಟ್ಟಗಾದ ಮೇಲೆ ಬಿಗಿದು ನಿಲ್ಲುತ್ತವೆ.

ನಮಗೆ ಮೇಕೆ ತೊಗಲು ತಂದುಕೊಡುತ್ತಿದ್ದವರು ಹೊಳೆನರಸೀಪುರದ ಸಿದ್ದಪ್ಪ. ಮೃದಂಗದ ಬಾಯಿಗೆ ತೊಗಲಿನ ಮುಚ್ಚಿಗೆ ಹಾಕುವುದು ಅವರ ಕಸುಬು. ಜನವರಿ ೧೪ರಂದು ಅವರು ತಂದ ಒಂದೇ ತೊಗಲಿನಿಂದ ಮೂವತ್ತಾರು ಪಟ್ಟಿ ಕತ್ತರಿಸಿದೆ. ಹದಿನೆಂಟು ಪಟ್ಟಿಗಳು ಮಾಡೆಲ್ ಹೇಳಿದಂತೆ ನಡೆದವು. ಉಳಿದ ಹದಿನೆಂಟು ಹೆಚ್ಚುಕಡಿಮೆ ಎರಡರಷ್ಟು ಹಿಗ್ಗಿದವು.

ನಮ್ಮ ಪ್ರೊಫೆಸರ್ ಗ್ರಾಫ್ ನೋಡಿ, "ಕೊಳೆತ ತೊಗಲು ತಂದಿದಾನೆ ಕಣಯ್ಯ. ಆ ಹದಿನೆಂಟು ತೆಗೆದುಹಾಕು" ಎಂದರು. ತೆಗೆದುಹಾಕಿದೆ. ನನ್ನ ತಪ್ಪು ಅದು.

ಅವರು ಅಲ್ಲಿಗೇ ಬಿಡಲಿಲ್ಲ. ಮೃದಂಗ ವಿದ್ವಾಂಸರಾಗಿದ್ದ ತಮ್ಮ ರುದ್ರಪಟ್ಟಣದ ಚಿಕ್ಕಪ್ಪನಿಗೂ ಇದೇ ಮಾತು ಹೇಳಿದರು. ಸಂಗೀತೋತ್ಸವಕ್ಕೆ ಮೂರು ವಾರವಿತ್ತು. ಮುಚ್ಚಿಗೆಗೆಂದು ಸಿದ್ದಪ್ಪನವರಲ್ಲಿ ಬಿಟ್ಟಿದ್ದ ಮೃದಂಗವನ್ನು ವಿದ್ವಾಂಸರು ವಾಪಸ್ ತರಿಸಿಕೊಂಡರು.

ಮರುದಿನವೇ ಸಿದ್ದಪ್ಪ ಲ್ಯಾಬಿಗೆ ಬಂದರು. ಪ್ರೊಫೆಸರ್ ಇರಲಿಲ್ಲ.

"ಊರೂರಲ್ಲಿ ನನ್ ತೊಗ್ಲು ಕೊಳ್ತೋಗದೆ ಅಂದ್ರಂತಲ್ಲ ಸಾ. ನೀವ್ ಎಂಗ್ ಕುಯ್ದ್ರಿ, ಅದೇಳಿ ಮೊದ್ಲು."

ಡೈರಿ ತೆರೆದೆ. ಕತ್ತರಿಸಿದ ನಕ್ಷೆ ಅದರಲ್ಲಿತ್ತು. ತೊಗಲು ವ್ಯರ್ಥವಾಗಬಾರದೆಂದು ಅರ್ಧ ಪಟ್ಟಿಗಳನ್ನು ಬೆನ್ನುದ್ದಕ್ಕೂ ಅರ್ಧವನ್ನು ಅಡ್ಡಕ್ಕೂ ತೆಗೆದಿದ್ದೆ. ಹೆಚ್ಚು ಹಿಗ್ಗಿದ ಹದಿನೆಂಟೂ ಅಡ್ಡದವು!

ಸಿದ್ದಪ್ಪ ನಕ್ಷೆ ನೋಡಿ ಹಣೆ ಚಚ್ಚಿಕೊಂಡರು. "ಅಡ್ಡಕ್ ಎಳುದ್ರೆ ಜಗ್ತದೆ, ಬೆನ್ನುದ್ದಕ್ ಎಳುದ್ರೆ ಜಗ್ಗಲ್ಲ. ನಮ್ಮನೆ ಐಕ್ಳಿಗೂ ಗೊತ್ತು ಕಣ್ ಸಾ. ಇದ್ನ ಓದೋಕೆ ಮಿಸೀನ್ ಬೇರೆ ಮಡೀಕಂಡಿದೀರಿ!"

ಎಲ್ಲ ದಿಕ್ಕಿಗೂ ಚರ್ಮ ಒಂದೇ ಸಮ ಎಂದು ಹಿಡಿದಿದ್ದ ನಮ್ಮ ಮಾಡೆಲ್ಲೇ ತಪ್ಪಾಗಿತ್ತು. ಎರಡು ದಿಕ್ಕಿಗೆ ಎರಡು ಗ್ರಾಫ್ ಬರೆದು ಪ್ರೊಫೆಸರ್ ಮುಂದಿಟ್ಟೆ. ಅವರ ಮುಖ ಅರಳಿತು. "ಒಳ್ಳೇ ಪೇಪರ್ ಆಗುತ್ತಲ್ಲಯ್ಯ ಇದು!"

"ಸರ್, ರುದ್ರಪಟ್ಟಣಕ್ಕೆ ಒಂದು ಮಾತು ಹೇಳಬೇಕಲ್ಲ?"

"ಅದೆಲ್ಲ ಈಗ್ಯಾಕೆ? ಅವನಿಗೇನು, ಬೇರೆ ಗಿರಾಕಿ ಸಿಗ್ತಾರೆ ಬಿಡು."

ಇಂದಿಗೂ ಆ 'ಬಿಡು' ನೆನಪಾದರೆ ಮೈ ಉರಿಯುತ್ತದೆ. ಆ ಮನುಷ್ಯನ ಅರಿವಿನಿಂದ ಪೇಪರ್ ಆಗಬಹುದು, ಆದರೆ ಆತನ ಹೆಸರಿಗೆ ಹಚ್ಚಿದ ಮಸಿ ಒರೆಸಲು ಒಂದು ಫೋನ್ ಮಾಡಲಾಗದು.

ಭಾನುವಾರ ಅದೇ ತೊಗಲಿನ ಎರಡು ಒದ್ದೆ ಪಟ್ಟಿಗಳನ್ನು, ಬೆನ್ನುದ್ದದ್ದೊಂದು ಅಡ್ಡದ್ದೊಂದು, ಡಬ್ಬಿಯಲ್ಲಿಟ್ಟುಕೊಂಡು, ಅರಕಲಗೂಡಿನಲ್ಲಿ ಬಸ್ಸು ಬದಲಿಸಿ ರುದ್ರಪಟ್ಟಣಕ್ಕೆ ಹೋದೆ. ವಿದ್ವಾಂಸರು ಒಂದನ್ನು ಎಳೆದರು, ಇನ್ನೊಂದನ್ನು ಎಳೆದರು. ತೊಗಲು ಕೊಳೆತದ್ದಲ್ಲ, ತಪ್ಪು ನಮ್ಮದು ಎಂದೆ. ಅವರು ಒಳಗಿನಿಂದ ಮೃದಂಗ ತಂದು, "ಉತ್ಸವದೊಳಗೆ ಆಗಬೇಕು ಅಂತ ಹೇಳಪ್ಪ ಅವರಿಗೆ" ಎಂದು ನನ್ನ ಕೈಗಿಟ್ಟರು.

ಸಂಜೆ ಹೊಳೆನರಸೀಪುರದಲ್ಲಿ ನನ್ನ ಹೆಗಲ ಮೇಲಿನ ಮೃದಂಗ ಕಂಡ ಸಿದ್ದಪ್ಪ ಕೇಳಿದರು, "ನಿಮ್ ಸಾಯೇಬ್ರು ಬರ್ನಿಲ್ವಾ?"

"ಇಲ್ಲ."

"ಸರಿ ಬುಡಿ. ಆಡ್ದೋರು ಅವ್ರು, ಒತ್ಕಂಡ್ ಬಂದೋರು ನೀವು."

ಅಚ್ಚಾದ ಪೇಪರಿನಲ್ಲಿ ಸಿದ್ದಪ್ಪನವರ ಹೆಸರಿಲ್ಲ; ನನ್ನದಿದೆ. ಅಂದಿನಿಂದ ನನ್ನ ಲ್ಯಾಬ್ ಪುಸ್ತಕದ ಮೊದಲ ಕಾಲಂ ಒಂದೇ: ಕುಯ್ದವರು ಯಾರು, ಯಾವ ದಿಕ್ಕಿಗೆ. ಅದು ತುಂಬುವವರೆಗೆ ಯಾರ ತೊಗಲನ್ನೂ ಕೆಟ್ಟದ್ದೆಂದು ಬರೆಯುವುದಿಲ್ಲ.